ಕೊನೆಗೆ ಬಂದವರ ವಿಶ್ರಾಂತಿ

ಗುಂಪಾಗಿ ಸೈಕಲ್ ಮೇಲೆ ಬೆಟ್ಟ ಹತ್ತುವವರ ನಡುವೆ ದಿನಕ್ಕೆ ಒಂದೆರಡು ಸಲವಾದರೂ ನಡೆಯುವ ಸಣ್ಣ ಘಟನೆಯೊಂದಿದೆ. ಗಟ್ಟಿಮುಟ್ಟಾದವರು ಮೊದಲು ಘಾಟಿಯ ತುದಿ ತಲುಪುತ್ತಾರೆ. ಸೈಕಲನ್ನು ಕಲ್ಲಿಗೆ ಒರಗಿಸಿ, ನೀರು ಕುಡಿದು, ಖರ್ಜೂರವೋ ಚಾಕೊಲೇಟೋ ತಿಂದು, ಫೋಟೋ ತೆಗೆದುಕೊಂಡು ಕೂರುತ್ತಾರೆ. ಉಳಿದವರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಎಲ್ಲರಿಗಿಂತ ಹಿಂದುಳಿದವರು ಒಂದು ಗಂಟೆಯ ಬಳಿಕ, ಮುಖ ಕೆಂಪೇರಿ, ಉಸಿರು ಸಾಲದೆ, ಕೊನೆಯ ತಿರುವಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಕುಳಿತವರು ಚಪ್ಪಾಳೆ ತಟ್ಟುತ್ತಾರೆ. ಅದು ಪ್ರೀತಿಯ ಚಪ್ಪಾಳೆಯೇ, ಸಂಶಯವಿಲ್ಲ. ಚಪ್ಪಾಳೆ ಮುಗಿದೊಡನೆ ಯಾರೋ ಒಬ್ಬರು ಎದ್ದು ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ‘ಎಲ್ಲರೂ ಬಂದಾಯಿತಲ್ಲ, ಹೊರಡೋಣವೇ?’

ಇಲ್ಲಿ ಯಾರೂ ಯಾರಿಗೂ ಕೇಡು ಬಯಸಿಲ್ಲ. ಆದರೂ ಲೆಕ್ಕ ನೋಡಿ. ಎಲ್ಲರಿಗಿಂತ ಕಡಿಮೆ ದಣಿದವರಿಗೆ ಒಂದು ಗಂಟೆಯ ವಿಶ್ರಾಂತಿ ಸಿಕ್ಕಿತು. ಎಲ್ಲರಿಗಿಂತ ಹೆಚ್ಚು ದಣಿದವರಿಗೆ ಐದು ನಿಮಿಷ. ಮುಂದಿನ ಏರಿನಲ್ಲಿ ಈ ಅಂತರ ಇನ್ನಷ್ಟು ಹೆಚ್ಚುತ್ತದೆ, ಏಕೆಂದರೆ ದಣಿದವರು ದಣಿವಿನೊಂದಿಗೇ ಹೊರಟಿದ್ದಾರೆ. ಅನ್ಯಾಯ ಮಾಡಿದವರು ಯಾರು ಎಂದು ಕೇಳಿದರೆ ಬೆರಳು ತೋರಿಸಲು ಒಬ್ಬರೂ ಸಿಗುವುದಿಲ್ಲ. ಮಾಡಿದವರಿಲ್ಲದ ಅನ್ಯಾಯ ಇರಲು ಸಾಧ್ಯವೇ? ಇದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ಪ್ರಶ್ನೆಯನ್ನು ಗಾಳಿಯಲ್ಲಿ ತೇಲಿಬಿಡುವ ಬದಲು ಒಂದು ನಿಜವಾದ ದಾರಿಯ ಮೇಲಿಟ್ಟು ನೋಡುವುದು ಮೇಲು. ಮನಾಲಿಯಿಂದ ಲೇಹ್‌ಗೆ ಹೋಗುವ ಹಳೆಯ ರಸ್ತೆ ಸುಮಾರು 475 ಕಿಲೋಮೀಟರ್. ಬೆಂಗಳೂರು, ಮೈಸೂರುಗಳಿಂದಲೂ ಪ್ರತಿ ಬೇಸಿಗೆಯಲ್ಲಿ ಹತ್ತು ಹನ್ನೆರಡು ಮಂದಿಯ ತಂಡ ಕಟ್ಟಿಕೊಂಡು ಈ ದಾರಿಯನ್ನು ಸೈಕಲ್ ಮೇಲೆ ಕ್ರಮಿಸುವವರಿದ್ದಾರೆ. ನಾನು ಹೋದವನಲ್ಲ. ಹೋಗಿಬಂದವರ ಜೊತೆ ಕುಳಿತು, ಅವರ ಫೋಟೋಗಳಿಗಿಂತ ಹೆಚ್ಚಾಗಿ ಅವರ ಜಗಳಗಳ ಕತೆ ಕೇಳಿದವನು. ಕತೆಗಾರರಿಗೆ ಹಿಮಶಿಖರಗಳಿಗಿಂತ ಜಗಳ ಹೆಚ್ಚು ರುಚಿಸುತ್ತದೆ.

ಮನಾಲಿ ಇರುವುದೇ ಸುಮಾರು 2,050 ಮೀಟರ್ ಎತ್ತರದಲ್ಲಿ. ಅಂದರೆ ಕರ್ನಾಟಕದ ಅತ್ಯಂತ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ (1,930 ಮೀಟರ್) ಎಲ್ಲಿ ಮುಗಿಯುತ್ತದೋ ಅದಕ್ಕಿಂತ ಮೇಲೆ ಈ ಪ್ರಯಾಣ ಶುರುವಾಗುತ್ತದೆ. ಅಲ್ಲಿಂದ ಐದು ಘಾಟಿಗಳು. ಮೊದಲು 3,978 ಮೀಟರಿನ ರೋಹ್ತಾಂಗ್. 2020ರ ಅಕ್ಟೋಬರಿನಲ್ಲಿ ಅದರಡಿಯ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ವಾಹನಗಳು ಘಾಟಿ ಹತ್ತುವುದು ಕಡಿಮೆಯಾಗಿದೆ. ಆದರೆ ಸೈಕಲಿನವರಲ್ಲಿ ಹಲವರು ಈಗಲೂ ಹಳೆಯ ದಾರಿಯನ್ನೇ ಹಿಡಿಯುತ್ತಾರೆ. ಆಮೇಲೆ ಲಾಹೌಲ್ ಕಣಿವೆಯ ಬಟಾಣಿ, ಆಲೂಗಡ್ಡೆ ಹೊಲಗಳ ನಡುವೆ ಕೇಲಾಂಗ್, ಜಿಸ್ಪಾ, ದಾರ್ಚಾ. ದಾರ್ಚಾ ದಾಟಿದ ಮೇಲೆ ಲಡಾಖ್ ಬದಿಯ ರುಮ್ಸೆಯವರೆಗೆ ಹಳ್ಳಿಗಳಿಲ್ಲ. ಬೇಸಿಗೆಯಲ್ಲಿ ಡೇರೆ ಹಾಕಿ ಚಹಾ, ಮ್ಯಾಗಿ, ಹಾಸಿಗೆ ಕೊಡುವವರಿದ್ದಾರೆ, ಅಷ್ಟೇ. ಆ ನಿರ್ಜನದಲ್ಲಿಯೇ ಉಳಿದ ನಾಲ್ಕು ಘಾಟಿಗಳು ಬರುತ್ತವೆ: ಬಾರಾಲಾಚಾ, ನಕೀಲಾ, ಲಾಚುಂಗ್ಲಾ, ತಂಗ್ಲಾಂಗ್ಲಾ. ಕೊನೆಯದು 5,300 ಮೀಟರಿಗೂ ಮೇಲೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಹೆಚ್ಚುಕಡಿಮೆ ಅರ್ಧ.

ತಂಡದ ಜೊತೆ ಒಂದು ಗಾಡಿ ಇರುತ್ತದೆ. ಅದರಲ್ಲಿ ಡೇರೆ, ಅಡುಗೆ ಸಾಮಾನು, ಎಲ್ಲರ ಬ್ಯಾಗು, ಆಮ್ಲಜನಕದ ಸಿಲಿಂಡರು. ಡ್ರೈವರ್ ಒಬ್ಬ, ಅಡುಗೆಯವ ಒಬ್ಬ. ತುಳಿಯಲಾಗದವರು ಸೈಕಲನ್ನು ಮೇಲೆ ಕಟ್ಟಿ ಒಳಗೆ ಕೂರಬಹುದು. ಇದು ಸ್ಪರ್ಧೆಯಲ್ಲ, ಬಹುಮಾನವಿಲ್ಲ. ಕೆಲಸಕ್ಕೆ ರಜೆ ಹಾಕಿ, ದುಡ್ಡು ಕಟ್ಟಿ, ಸಂತೋಷಕ್ಕಾಗಿ ಬಂದವರು. ಒಟ್ಟಿಗೆ ಹೋಗೋಣ ಎಂದು ತಾವಾಗಿ ಒಪ್ಪಿ ಬಂದವರು. ಉರ್ದುವಿನ ಹಮ್‌ಸಫರ್ ಎಂಬ ಮಾತಿಗೆ ಸರಿಯಾಗಿ ಹೊಂದುವವರು. ಹೀಗಿದ್ದೂ ನಾಲ್ಕನೆಯ ದಿನಕ್ಕೆ ಮಾತು ಕಡಿಮೆಯಾಗುತ್ತದೆ ಎಂದು ಬಂದವರೆಲ್ಲ ಹೇಳುತ್ತಾರೆ.

ಯಾಕೆ ಹೀಗೆ? ‘ಎಲ್ಲರೂ ನಿಧಾನವಾಗಿ ಒಟ್ಟಿಗೇ ಹತ್ತಿದರಾಯಿತು’ ಎಂದು ಮನೆಯಲ್ಲಿ ಕುಳಿತು ಹೇಳುವುದು ಸುಲಭ. ಸೈಕಲಿನ ಸ್ವಭಾವ ಬಲ್ಲವರು ಹಾಗೆ ಹೇಳುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಸೈಕಲಿನ ದೊಡ್ಡ ವೈರಿ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಹಾಗಾಗಿ ಅಲ್ಲಿ ಬಲಶಾಲಿ ಮುಂದೆ ಹೋಗಿ ಗಾಳಿ ಸೀಳಿದರೆ, ಅವನ ಚಕ್ರಕ್ಕೆ ಅಂಟಿಕೊಂಡಂತೆ ಹಿಂದೆ ಬರುವವನ ಶ್ರಮದಲ್ಲಿ ಕಾಲು ಭಾಗಕ್ಕೂ ಹೆಚ್ಚು ಉಳಿಯುತ್ತದೆ. ವಿಶೇಷವೆಂದರೆ ಇದರಿಂದ ಮುಂದಿನವನಿಗೆ ನಷ್ಟವೇನೂ ಇಲ್ಲ. ಅವನು ಒಬ್ಬನೇ ಹೋಗಿದ್ದರೂ ಅಷ್ಟೇ ತುಳಿಯಬೇಕಿತ್ತು. ಪಾಂಗ್ ದಾಟಿದ ಮೇಲೆ ಸುಮಾರು 4,700 ಮೀಟರ್ ಎತ್ತರದಲ್ಲಿ ಮೋರೆ ಎಂಬ ಬಯಲಿದೆ. ನಲವತ್ತು ಕಿಲೋಮೀಟರ್ ಉದ್ದ, ಮಧ್ಯಾಹ್ನದ ಮೇಲೆ ಎದುರುಗಾಳಿ. ಅಲ್ಲಿ ತಂಡ ತಾನಾಗಿ ಸಾಲುಗಟ್ಟುತ್ತದೆ. ಅಂಥ ಕಡೆ ಉದಾರಿಯಾಗಿರಲು ಖರ್ಚಿಲ್ಲ.

ಏರಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆ ಇಲ್ಲವೆಂದೇ ಹೇಳಬೇಕು. ಅಲ್ಲಿ ವೈರಿ ನಿಮ್ಮದೇ ಮೈಭಾರ. ಅದನ್ನು ನೀವೇ ಎತ್ತಬೇಕು. ಬೇರೆಯವರ ಬೆನ್ನಿನ ಮರೆ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ಮಾತು. ಸೈಕಲಿಗೆ ಒಂದು ಕನಿಷ್ಠ ವೇಗ ಬೇಕು, ಅದಕ್ಕಿಂತ ಕೆಳಗಿಳಿದರೆ ಬೀಳುತ್ತದೆ. ನಡಿಗೆಯಲ್ಲಿ ಬಲಶಾಲಿ ಹೆಜ್ಜೆ ಕಡಿಮೆ ಮಾಡಿ ಮುದುಕರ ಪಕ್ಕದಲ್ಲಿ ಮಾತಾಡುತ್ತಾ ಹೋಗಬಹುದು. ಕಡಿದಾದ ಏರಿನಲ್ಲಿ ಸೈಕಲ್ ಮೇಲೆ ಹಾಗೆ ಮಾಡಹೊರಟರೆ ಇಬ್ಬರೂ ಓಲಾಡುತ್ತಾರೆ. ಬಾರಾಲಾಚಾ ಇಳಿದು ಸರ್ಚೂ ಬಯಲು ದಾಟಿದ ಮೇಲೆ ಗಾಟಾ ಲೂಪ್ಸ್ ಎಂಬ 21 ತಿರುವುಗಳ ಏರು ಬರುತ್ತದೆ. ನಮ್ಮ ಆಗುಂಬೆಯ 14 ತಿರುವುಗಳನ್ನು ಕಂಡವರು ಅದರ ಒಂದೂವರೆಯಷ್ಟನ್ನು, ಮರವೇ ಇಲ್ಲದ ಬೋಳು ಗುಡ್ಡದಲ್ಲಿ, 4,000 ಮೀಟರಿಗೂ ಮೇಲೆ ಊಹಿಸಿಕೊಳ್ಳಬೇಕು. ಅಲ್ಲಿ ಮೇಲಿನ ತಿರುವಿನಲ್ಲಿರುವವರಿಗೆ ಕೆಳಗಿನ ತಿರುವಿನಲ್ಲಿರುವವರು ಕಾಣುತ್ತಾರೆ, ಕೂಗಿದರೆ ಕೇಳಿಸುತ್ತದೆ ಕೂಡ. ಆದರೆ ಪ್ರತಿಯೊಬ್ಬರೂ ಒಂಟಿ. ಬೆಟ್ಟದ ಏರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಶಕ್ತಿ ಕೊಡಲಾರರು. ಕೊಡಬಹುದಾದದ್ದು ಸಮಯವೊಂದನ್ನೇ. ಆ ಸಮಯವನ್ನು ಕೊಡುವ ಜಾಗ ಘಾಟಿಯ ತುದಿ.

ಅಲ್ಲಿ ಕಾಯುವವರ ಕಷ್ಟವನ್ನು ಹಗುರಾಗಿ ಕಾಣುವುದು ತಪ್ಪು. 5,000 ಮೀಟರ್ ಎತ್ತರದ ಘಾಟಿಯಲ್ಲಿ ಗಾಳಿ ಸುಮ್ಮನಿರುವುದಿಲ್ಲ. ಹತ್ತುವಾಗ ಬೆವತ ಅಂಗಿ ಐದು ನಿಮಿಷದಲ್ಲಿ ಐಸಿನಂತಾಗುತ್ತದೆ. ಬಿಸಿಯಾಗಿದ್ದ ಸ್ನಾಯು ಬಿಗಿಯುತ್ತದೆ. ಮಧ್ಯಾಹ್ನ ಕಳೆದರೆ ಹಿಮ ಕರಗಿದ ನೀರು ರಸ್ತೆಗೆ ಅಡ್ಡಲಾಗಿ ಹರಿಯುವ ಹಳ್ಳಗಳಲ್ಲಿ ಏರುತ್ತದೆ. ಬೆಳಿಗ್ಗೆ ಪಾದ ಮುಳುಗುತ್ತಿದ್ದಲ್ಲಿ ಸಂಜೆಗೆ ಮೊಣಕಾಲು ಮುಳುಗುತ್ತದೆ. ಹಾಗಾಗಿ ಬೇಗ ತಲುಪಿದವರು ನಿಜವಾಗಿಯೂ ಏನನ್ನೋ ಕಳೆದುಕೊಂಡು ಕಾಯುತ್ತಾರೆ. ‘ನಿಮಗೋಸ್ಕರ ಒಂದು ಗಂಟೆ ಚಳಿಯಲ್ಲಿ ಕೂತೆವು’ ಎಂಬ ಮಾತು ಸುಳ್ಳಲ್ಲ. ‘ನನಗೆ ಒಂದು ನಿಮಿಷ ಕೂರಲೂ ಬಿಡಲಿಲ್ಲ’ ಎಂಬ ಮಾತೂ ಸುಳ್ಳಲ್ಲ. ಒಂದೇ ಗಂಟೆಯನ್ನು ಒಬ್ಬರು ತ್ಯಾಗವೆಂದೂ ಇನ್ನೊಬ್ಬರು ಅವಮಾನವೆಂದೂ ಬರೆದಿಟ್ಟುಕೊಳ್ಳುತ್ತಾರೆ. ರಾತ್ರಿ ಡೇರೆಯೊಳಗೆ ಎರಡೂ ಲೆಕ್ಕಪುಸ್ತಕ ತೆರೆಯುತ್ತವೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಕೊನೆಗೆ ಬಂದವರ ಬಾಯಿಂದ ಬರುವ ಮೊದಲ ಮಾತು. ಅವರು ನೀರು ಕೇಳುವುದಿಲ್ಲ. ‘ಸಾರಿ’ ಎನ್ನುತ್ತಾರೆ. ಉಸಿರು ಸರಿಯಾಗುವ ಮೊದಲೇ ಕ್ಷಮೆ. ಏನು ತಪ್ಪು ಮಾಡಿದ್ದಾರೆ? ಎಲ್ಲರೂ ಹತ್ತಿದ ಘಾಟಿಯನ್ನೇ ಅವರೂ ಹತ್ತಿದ್ದಾರೆ. ಹೆಚ್ಚು ಹೊತ್ತು ಹತ್ತಿದ್ದಾರೆ. ಹೆಚ್ಚು ಹೊತ್ತು ಬಿಸಿಲು, ಹೆಚ್ಚು ಹೊತ್ತು ಗಾಳಿ, ಲಾರಿಗಳ ಧೂಳು ಕೂಡ ಹೆಚ್ಚು ಹೊತ್ತು. ಕ್ಷಮೆ ಕೇಳುವಂತೆ ಅವರಿಗೆ ಯಾರೂ ಹೇಳಿಲ್ಲ. ಆದರೆ ಕಾಯುವುದು ಉಪಕಾರ ಎಂದು ಒಮ್ಮೆ ಗುಂಪು ತೀರ್ಮಾನಿಸಿದ ಮೇಲೆ, ಉಪಕಾರ ಪಡೆದವರು ತಲೆ ತಗ್ಗಿಸಲೇಬೇಕಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಹಂಗು ಎಂಬ ಬಲು ನಿಖರವಾದ ಪದವಿದೆ. ಉರ್ದುವಿನಲ್ಲಿ ಎಹ್ಸಾನ್ ಎನ್ನುತ್ತೇವೆ. ಮಾಡಿದ ಎಹ್ಸಾನನ್ನು ಆಡಿ ತೋರಿಸುವುದನ್ನು ಸಣ್ಣತನ ಎನ್ನುತ್ತೇವೆ. ಆದರೆ ಆಡದೆಯೂ ತೋರಿಸಬಹುದು. ಗಡಿಯಾರ ನೋಡಿಕೊಳ್ಳುವ ಒಂದು ನೋಟ ಸಾಕು. ಇದರ ಎದುರಿಗಿರುವುದು ಹಕ್ಕು. ಆ ಕನ್ನಡ ಪದ ಅರಬ್ಬಿಯ ಹಕ್‌ನಿಂದ ಬಂದದ್ದು ಎಂಬುದು ಓದುಗರಿಗೆ ಗೊತ್ತಿರಬಹುದು. ಒಟ್ಟಿಗೆ ಹೋಗೋಣ ಎಂದು ಒಪ್ಪಿದ ಗುಂಪಿನಲ್ಲಿ ಕೊನೆಯವರಿಗಾಗಿ ಕಾಯುವುದು ಮುಂದಿನವರ ಎಹ್ಸಾನೋ, ಹಿಂದಿನವರ ಹಕ್ಕೋ? ಮಾತೆಲ್ಲ ಬಂದು ನಿಲ್ಲುವುದು ಇಲ್ಲಿ.

ಇದು ಬೆಟ್ಟದ ಮೇಲಿನ ಸಮಸ್ಯೆ ಮಾತ್ರವೇ ಎಂದು ಕೇಳಬಹುದು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತಟ್ಟೆ ಮುಂದಿಟ್ಟುಕೊಳ್ಳುವ ಹೆಂಗಸನ್ನು ನೋಡಿ. ಅವಳು ಎರಡು ತುತ್ತು ತಿನ್ನುವಷ್ಟರಲ್ಲಿ ದಸ್ತರ್‌ಖಾನ್ ಮಡಿಚುವ ಹೊತ್ತಾಗಿರುತ್ತದೆ. ಒಳಗಿನಿಂದ ಯಾರೋ ಚಹಾ ಕೇಳಿರುತ್ತಾರೆ. ಶಾಲೆಯಲ್ಲಿ ಲೆಕ್ಕ ಬೇಗ ಮುಗಿಸಿದ ಹುಡುಗ ಆಟಕ್ಕೆ ಹೋಗುತ್ತಾನೆ. ಮುಗಿಸಲಾಗದ ಹುಡುಗ ಆಟದ ಹೊತ್ತಿನಲ್ಲೂ ಲೆಕ್ಕ ಮಾಡುತ್ತಾನೆ, ಮರುದಿನ ಇನ್ನಷ್ಟು ದಣಿದು ಬರುತ್ತಾನೆ. ಇರಲಿ, ದಾರಿಗೆ ಮರಳೋಣ.

ಸ್ಪರ್ಧೆಯಲ್ಲಾದರೆ ಈ ತೊಡಕಿಲ್ಲ. ಫ್ರಾನ್ಸಿನ ‘ಟೂರ್ ದ ಫ್ರಾನ್ಸ್’ 1910ರಲ್ಲಿ ಮೊದಲ ಬಾರಿ ಪಿರೆನೀಸ್ ಪರ್ವತಗಳ ಎತ್ತರದ ಘಾಟಿಗಳಿಗೆ ಹೋಯಿತು. ಆ ವರ್ಷ ಗೆದ್ದ ಒಕ್ತಾವ್ ಲಾಪೀಸ್ ಎಂಬ ಸವಾರನೇ ದಾರಿಯಲ್ಲಿ ಸಂಘಟಕರನ್ನು ಕೊಲೆಗಡುಕರೆಂದು ಬೈದದ್ದು ಪ್ರಸಿದ್ಧ. ಅದೇ ವರ್ಷ ಎಲ್ಲರ ಹಿಂದೆ ಒಂದು ಗಾಡಿ ಬರಲಾರಂಭಿಸಿತು. ಸೋತವರನ್ನು ಹತ್ತಿಸಿಕೊಳ್ಳುವ ಆ ಗಾಡಿಗೆ ಜನ ಇಟ್ಟ ಹೆಸರು ಪೊರಕೆ ಗಾಡಿ. ಹೆಸರಿನಲ್ಲೇ ಎಲ್ಲ ಇದೆ: ಹಿಂದುಳಿದವರು ಗುಡಿಸಿ ಹಾಕಬೇಕಾದ ಕಸ. ಇಂದಿಗೂ ಆ ಸ್ಪರ್ಧೆಯಲ್ಲಿ ಪ್ರತಿ ದಿನಕ್ಕೂ ಸಮಯದ ಮಿತಿಯಿದೆ, ಮೀರಿದವರು ಮನೆಗೆ.

ಆದರೆ ಅಂಥ ಕಡೆಯಲ್ಲೂ ಒಂದು ಸೋಜಿಗ ಹುಟ್ಟಿಕೊಂಡಿದೆ. ಬಯಲಿನಲ್ಲಿ ಅತಿ ವೇಗವಾಗಿ ಓಡುವ ದಪ್ಪ ಮೈಯ ಸವಾರರಿಗೆ ಬೆಟ್ಟ ಆಗಿಬರುವುದಿಲ್ಲ. ಬೆಟ್ಟದ ದಿನ ಅವರೆಲ್ಲ ತಂಡಗಳ ಭೇದ ಮರೆತು ಹಿಂದೆ ಒಂದು ಗುಂಪಾಗುತ್ತಾರೆ. ಇಟಾಲಿಯನ್ ಭಾಷೆಯಲ್ಲಿ ಗ್ರುಪೆಟ್ಟೊ, ಅಂದರೆ ಪುಟ್ಟ ಗುಂಪು. ಅವರ ನಡುವಿನ ಅನುಭವಸ್ಥರು ಮಿತಿಯನ್ನು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ, ಎಷ್ಟು ವೇಗದಲ್ಲಿ ಹೋದರೆ ಎಲ್ಲರೂ ಉಳಿಯುತ್ತೇವೆ ಎಂದು ಲೆಕ್ಕ ಹಾಕುತ್ತಾರೆ. ಮಿತಿ ಮೀರಿದರೂ ಇಷ್ಟೊಂದು ಮಂದಿಯನ್ನು ಒಮ್ಮೆಲೇ ಹೊರಹಾಕಲು ಸಂಘಟಕರು ಹಿಂಜರಿಯುತ್ತಾರೆ ಎಂಬುದೂ ಅವರಿಗೆ ಗೊತ್ತು. ಅಲ್ಲಿ ಯಾರೂ ಯಾರಿಗೂ ಸಾರಿ ಹೇಳುವುದಿಲ್ಲ. ಹಿಂದುಳಿದವರು ಒಬ್ಬೊಬ್ಬರೇ ಇದ್ದಾಗ ಕಸ. ಒಟ್ಟಾದಾಗ ಅವರನ್ನು ಗುಡಿಸುವುದು ಕಷ್ಟ.

ಹಾಗಾದರೆ ಸ್ಪರ್ಧೆಯಲ್ಲದ ರಜೆಯ ಪ್ರಯಾಣದಲ್ಲಿ ಪೊರಕೆ ಎಲ್ಲಿಂದ ಬಂತು? ನನಗನ್ನಿಸುವುದು, ನಾವು ಅದನ್ನು ಬ್ಯಾಗಿನಲ್ಲಿ ಹೊತ್ತು ತರುತ್ತೇವೆ. ಮೊಬೈಲಿನ ಆ್ಯಪ್‌ನಲ್ಲಿ ಯಾವ ಏರನ್ನು ಎಷ್ಟು ನಿಮಿಷದಲ್ಲಿ ಹತ್ತಿದೆ ಎಂದು ದಾಖಲಾಗುತ್ತದೆ, ಸಂಜೆ ಎಲ್ಲರದೂ ಹೋಲಿಕೆಯಾಗುತ್ತದೆ. ‘ಬೇಜಾರು ಮಾಡ್ಕೋಬೇಡಿ ಅಂಕಲ್, ಗಾಡಿ ಹತ್ತಿ’ ಎಂಬ ಮಾತು ಕರುಣೆಯೂ ಆಗಬಹುದು, ಪೊರಕೆಯೂ ಆಗಬಹುದು. ಅಂಕಲ್ ತಾವೇ ಕೈ ಎತ್ತಿ ಗಾಡಿ ನಿಲ್ಲಿಸಿದರೆ ಅದು ಅವರ ಆಯ್ಕೆ. ತಂಡಕ್ಕೆ ತಡವಾಗುತ್ತದೆ ಎಂಬ ಕಾರಣಕ್ಕೆ ಗಾಡಿ ಅವರ ಪಕ್ಕದಲ್ಲಿ ಬಂದು ನಿಂತರೆ ಅದು ಬೇರೆ. ಬಾಗಿಲು ಅದೇ, ಸೀಟು ಅದೇ.

ಟೂರ್ ದ ಫ್ರಾನ್ಸನ್ನು 1903ರಲ್ಲಿ ಆರಂಭಿಸಿದ ಪತ್ರಿಕಾ ಸಂಪಾದಕ ಆಂರಿ ದೆಗ್ರಾಂಜ್‌ಗೆ ಗೇರ್ ಬದಲಿಸುವ ಸಾಧನ ಕಂಡರೆ ಆಗುತ್ತಿರಲಿಲ್ಲ. ಅದೇ ಕಾಲಕ್ಕೆ ಸೇಂಟ್ ಎಟಿಯನ್ ಊರಿನಲ್ಲಿ ಪೌಲ್ ದ ವಿವಿ (1853–1930) ಎಂಬಾತ ಅದನ್ನೇ ಪ್ರಚಾರ ಮಾಡುತ್ತಿದ್ದ. ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆತ ಸೈಕಲಿಗಾಗಿಯೇ ಒಂದು ಪತ್ರಿಕೆ ನಡೆಸಿದ. ಬೆಟ್ಟದಲ್ಲಿ ಪ್ರವಾಸ ಮಾಡುವವರಿಗೆ ಏಳು ಸೂತ್ರ ಬರೆದ. ಹೆಚ್ಚುಗಾರಿಕೆ ತೋರಿಸಲು ಪೆಡಲ್ ತುಳಿಯಬೇಡಿ ಎಂಬುದು ಅವುಗಳಲ್ಲೊಂದು. 1902ರಲ್ಲಿ ಬೆಟ್ಟದ ದಾರಿಯಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ ಮೇಲೆ, ಒಂದೇ ಗೇರಿನ ಸೈಕಲ್ ತುಳಿದ ವೃತ್ತಿಪರ ಸವಾರನನ್ನು ಹಿಂದೆ ಹಾಕಿದಳು ಎಂಬ ಕತೆ ಇದೆ. ಗೇರೆಲ್ಲ ನಲವತ್ತೈದು ದಾಟಿದವರಿಗೆ ಎಂದು ದೆಗ್ರಾಂಜ್ ಲೇವಡಿ ಮಾಡಿದನಂತೆ. ನಲವತ್ತೈದರ ಸಮೀಪದಲ್ಲಿರುವ ನನಗೆ ಆ ಲೇವಡಿ ಒಳ್ಳೆಯ ಜಾಹೀರಾತಿನಂತೆ ಕೇಳಿಸುತ್ತದೆ. ಟೂರ್‌ನಲ್ಲಿ ಡಿರೈಲರ್ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಬೆಟ್ಟ ಯಾರಿಗೆ ಸೇರಿದ್ದು ಎಂಬ ಜಗಳವೇ ಅದು. ಒಬ್ಬನಿಗೆ ಬೆಟ್ಟ ಎಂದರೆ ದುರ್ಬಲರನ್ನು ಜರಡಿ ಹಿಡಿಯುವ ಸಾಧನ. ಇನ್ನೊಬ್ಬನಿಗೆ, ಎಲ್ಲರೂ ಹತ್ತಿ ನೋಡಬೇಕಾದ ಜಾಗ. ಇಂದು ಲೇಹ್‌ಗೆ ಹೋಗುವ ಐವತ್ತರ ಗೃಹಿಣಿಯೂ ನಿವೃತ್ತ ಬ್ಯಾಂಕ್ ನೌಕರರೂ ತುಳಿಯುವುದು ವೆಲೋಸಿಯೋ ಪಕ್ಷದ ಸೈಕಲನ್ನೇ. ಮನಸ್ಸಿನಲ್ಲಿ ಮಾತ್ರ ದೆಗ್ರಾಂಜ್ ಕುಳಿತಿರುತ್ತಾನೆ.

ಈ ದಾರಿಯ ಇನ್ನೊಂದು ಗುಣ ನನ್ನ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿತು ಎನ್ನಬೇಕು. ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಅದರ ಆರಂಭ. ಅಲಕ್ಷ್ಯ ಮಾಡಿದರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಪ್ರಾಣಕ್ಕೇ ಸಂಚಕಾರ. ಮೈಕಟ್ಟು ಇದಕ್ಕೆ ತಡೆಯಲ್ಲ. ಊರಿನಲ್ಲಿ ಮ್ಯಾರಥಾನ್ ಓಡುವ ಇಪ್ಪತ್ತೈದರ ಹುಡುಗ ಸರ್ಚೂವಿನಲ್ಲಿ ತಲೆ ಎತ್ತಲಾಗದೆ ಮಲಗಬಹುದು. ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಅಂಕಲ್ ಪಕ್ಕದಲ್ಲಿ ಕುಳಿತು ಅವನಿಗೆ ಶುಂಠಿ ಚಹಾ ಕುಡಿಸುತ್ತಿರಬಹುದು. ಬೇಗ ಬೇಗ ಮೇಲೇರುವವರಿಗೇ ಅಪಾಯ ಹೆಚ್ಚು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು ಎಂಬುದು ವೈದ್ಯರ ಸಲಹೆ. ಲಕ್ಷಣ ಕೆಟ್ಟರೆ ತಕ್ಷಣ ಕೆಳಗಿಳಿಸಬೇಕು.

ಇಂಥ ರಾತ್ರಿ ಬಂದಾಗ ತಂಡ ಏನು ಮಾಡುತ್ತದೆ? ಹೋಗಿಬಂದವರೆಲ್ಲ ಹೇಳುವುದು ಒಂದೇ ಮಾತು. ಯಾರೂ ಗಡಿಯಾರ ನೋಡುವುದಿಲ್ಲ. ಒಬ್ಬರ ತಲೆನೋವಿಗಾಗಿ ಇಡೀ ತಂಡ ಒಂದು ದಿನ ನಿಲ್ಲುತ್ತದೆ. ಘಾಟಿಯಲ್ಲಿ ಒಂದು ಗಂಟೆಗೆ ಮುಖ ಗಂಟಿಕ್ಕಿಕೊಂಡವರೇ ಇಲ್ಲಿ ಒಂದು ದಿನವನ್ನು ಮಾತಿಲ್ಲದೆ ಬಿಟ್ಟುಕೊಡುತ್ತಾರೆ. ಅದನ್ನು ತ್ಯಾಗ ಎಂದು ಕರೆಯುವುದೂ ಇಲ್ಲ, ನಿಯಮ ಎನ್ನುತ್ತಾರೆ.

ವ್ಯತ್ಯಾಸ ಏನು? ಘಾಟಿ ಹತ್ತುವಾಗ ಕೊನೆಯವರು ಯಾರೆಂದು ಮೊದಲ ದಿನವೇ ತಿಳಿದುಬಿಡುತ್ತದೆ. ನಾಳೆಯೂ ಅವರೇ, ನಾಡಿದ್ದೂ ಅವರೇ. ಬಲಶಾಲಿಗೆ ತಾನೆಂದೂ ಆ ಜಾಗದಲ್ಲಿ ಇರುವುದಿಲ್ಲ ಎಂಬ ಭರವಸೆಯಿದೆ. ಎತ್ತರದ ಕಾಯಿಲೆಯಲ್ಲಿ ಆ ಭರವಸೆಯಿಲ್ಲ. ಇಂದು ಅವನು, ನಾಳೆ ನಾನು. ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರ ತನ್ನ ಗ್ರಂಥದಲ್ಲಿ ಒಂದು ಕಲ್ಪನೆ ಮುಂದಿಟ್ಟ. ಸಮಾಜದಲ್ಲಿ ತನ್ನ ಸ್ಥಾನ ಯಾವುದೆಂದು ಯಾರಿಗೂ ತಿಳಿಯದಂತೆ ಅಜ್ಞಾನದ ಪರದೆಯೊಂದನ್ನು ಇಳಿಬಿಟ್ಟು, ಆ ಪರದೆಯ ಹಿಂದೆ ಕುಳಿತು ನಿಯಮ ಮಾಡಿದರೆ ಅದು ನ್ಯಾಯದ ನಿಯಮವಾಗಿರುತ್ತದೆ ಎಂಬ ವಾದ ಅದು. ಪುಸ್ತಕದಲ್ಲಿ ಬಲು ಪ್ರಯಾಸದಿಂದ ಊಹಿಸಬೇಕಾದ ಆ ಪರದೆಯನ್ನು ಲಡಾಖಿನ ತೆಳುಗಾಳಿ ತಾನಾಗಿ ಇಳಿಬಿಡುತ್ತದೆ. ಸರದಿ ತನಗೂ ಬರಬಹುದು ಎಂದಾದರೆ ನಾವು ಅದನ್ನು ಹಕ್ಕು ಎನ್ನುತ್ತೇವೆ. ಬರುವುದೇ ಇಲ್ಲ ಎಂದು ಗಟ್ಟಿಯಾದ ಮೇಲೆ ಎಹ್ಸಾನ್ ಎನ್ನತೊಡಗುತ್ತೇವೆ. ಕಾಯಬೇಕಾದ ಕಾರಣ ಎರಡು ಕಡೆಯೂ ಒಂದೇ. ಬದಲಾದದ್ದು ನಮ್ಮ ಭಯ ಮಾತ್ರ.

ಇದನ್ನು ಬರೆಯುತ್ತಿರುವಾಗ ಸರದಿಯೇ ಬಾರದ ಇನ್ನೂ ಕೆಲವರು ನೆನಪಾಗುತ್ತಾರೆ. ಗಾಡಿಯ ಡ್ರೈವರು ಮತ್ತು ಅಡುಗೆಯವ ತಂಡದ ಫೋಟೋದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಬ್ಬರಾದರೂ ಕ್ಯಾಮೆರಾದ ಹಿಂದಿರುತ್ತಾರೆ. ಅವರು ಎಲ್ಲರಿಗಿಂತ ಮೊದಲು ಏಳುತ್ತಾರೆ, ಎಲ್ಲರ ಪಾತ್ರೆ ತೊಳೆದು ಕೊನೆಗೆ ಮಲಗುತ್ತಾರೆ. ಅವರ ವಿಶ್ರಾಂತಿಯ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ಮತ್ತೆ, ಈ ರಸ್ತೆಯನ್ನು ಪ್ರತಿ ವರ್ಷ ಹಿಮದಡಿಯಿಂದ ಹೊರತೆಗೆದು ಮತ್ತೆ ಕಟ್ಟುವವರು. ಗಡಿ ರಸ್ತೆ ಸಂಸ್ಥೆಗಾಗಿ ಇಲ್ಲಿ ಕಲ್ಲು ಒಡೆದು ಡಾಂಬರು ಹಾಕುವವರಲ್ಲಿ ಬಹಳ ಮಂದಿ ಜಾರ್ಖಂಡಿನ ದುಮ್ಕಾ ಕಡೆಯಿಂದಲೂ ನೇಪಾಳದಿಂದಲೂ ಬಂದವರು. 2020ರ ಜೂನ್‌ನಲ್ಲಿ, ಕೊರೋನಾದ ನಡುವೆಯೇ, ಲಡಾಖಿನ ರಸ್ತೆ ಕೆಲಸಕ್ಕೆಂದು ದುಮ್ಕಾದಿಂದ ವಿಶೇಷ ರೈಲು ಹೊರಟಿತ್ತು. ಸಮುದ್ರಮಟ್ಟದಿಂದ ಹೆಚ್ಚೇನೂ ಎತ್ತರದಲ್ಲಿಲ್ಲದ ಬಯಲಿನವರು ಅವರು. ಅದೇ ತೆಳುಗಾಳಿ ಉಸಿರಾಡುತ್ತಾರೆ, ಬುಟ್ಟಿಯಲ್ಲಿ ಜಲ್ಲಿ ಹೊರುತ್ತಾರೆ. ಸೈಕಲಿನವರು ಸ್ವಂತ ಇಚ್ಛೆಯಿಂದ, ಹಣ ಕೊಟ್ಟು ಕೊಂಡ ಏದುಸಿರು ಅವರಿಗೆ ದಿನಗೂಲಿಯ ಭಾಗ. ಹಾಗೆಂದು ಸಂತೋಷಕ್ಕಾಗಿ ಬೆಟ್ಟ ಹತ್ತುವುದು ಪಾಪ ಎಂದು ನಾನು ಹೇಳಲಾರೆ. ಅಂಥ ಉಪದೇಶ ಯಾವ ಕೂಲಿಗೂ ಒಂದು ರೂಪಾಯಿ ಹೆಚ್ಚಿಸುವುದಿಲ್ಲ. ಸೈಕಲಿನವರ ಪರವಾಗಿ ಒಂದು ಮಾತು ಹೇಳಬೇಕು: ಕಾರಿನವರಿಗೆ ಆ ಮುಖಗಳು ಕಾಣುವುದೇ ಇಲ್ಲ. ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಕಾಣದೆ ಇರುವುದಿಲ್ಲ. ಎಲ್ಲರಿಗಿಂತ ನಿಧಾನವಾಗಿ ಹೋಗುವವರು ಇನ್ನೂ ಹೆಚ್ಚು ಕಾಣುತ್ತಾರೆ, ಎಷ್ಟೋ ಸಲ ನಿಂತು ಅವರ ಕ್ಯಾನಿನಿಂದಲೇ ನೀರು ಕೇಳಿ ಕುಡಿಯುತ್ತಾರೆ.

ಅನುಭವವಿರುವ ತಂಡಗಳು ಕೆಲವು ಉಪಾಯ ಕಂಡುಕೊಂಡಿವೆ. ಒಬ್ಬ ಗಟ್ಟಿ ಸವಾರ ಪ್ರತಿದಿನ ಎಲ್ಲರ ಹಿಂದೆ ಇರಬೇಕು, ಅದೂ ಸರದಿಯ ಪ್ರಕಾರ. ಬೇಗ ತಲುಪಿದವರು ಚಳಿಯ ತುದಿಯಲ್ಲಿ ಕಾಯುವ ಬದಲು ಕೆಳಗಿನ ಡೇರೆಗೆ ಹೋಗಿ ಅಲ್ಲಿ ಕಾಯಬೇಕು. ಇದು ಎಲ್ಲರಿಗೂ ಹಿತ, ಆದರೆ ಘಾಟಿಯ ತುದಿ ತಲುಪಿದ ಕೊನೆಯವರಿಗೆ ಚಪ್ಪಾಳೆಯೂ ಇಲ್ಲ, ಮನುಷ್ಯರ ಮುಖವೂ ಇಲ್ಲ. ಇನ್ನು ಕೆಲವರು ನಿಧಾನದವರನ್ನು ಬೆಳಿಗ್ಗೆ ಒಂದು ಗಂಟೆ ಮೊದಲೇ ಕಳಿಸುತ್ತಾರೆ. ಲೆಕ್ಕ ಸರಿಯಾಗುತ್ತದೆ, ಆದರೆ ಹೆಚ್ಚು ನಿದ್ದೆ ಬೇಕಾದವರೇ ಬೇಗ ಏಳಬೇಕು. ನನಗೆ ಹಿಡಿಸಿದ್ದು ಒಂದು ತಂಡದ ಸರಳ ನಿಯಮ. ಘಾಟಿಯಿಂದ ಹೊರಡುವ ಹೊತ್ತನ್ನು ಹೇಳುವ ಅಧಿಕಾರ ಕೊನೆಗೆ ಬಂದವರದು. ಅವರು ಕೂತು, ನೀರು ಕುಡಿದು, ಬೇಕಿದ್ದರೆ ಫೋಟೋ ತೆಗೆಸಿಕೊಂಡು, ಏಳುವವರೆಗೆ ಬೇರೆ ಯಾರೂ ಹೆಲ್ಮೆಟ್ ಮುಟ್ಟುವಂತಿಲ್ಲ. ಇದನ್ನು ಹೇಳಿದ ಹೆಣ್ಣುಮಗಳು ಇನ್ನೊಂದು ವಿಷಯ ಸೇರಿಸಿದಳು. ಅಧಿಕಾರ ಕೈಗೆ ಬಂದ ಮೇಲೆ ಕೊನೆಯವರು ಹತ್ತು ನಿಮಿಷಕ್ಕಿಂತ ಹೆಚ್ಚು ಕೂತದ್ದೇ ಇಲ್ಲವಂತೆ. ‘ಸಾರಿ’ ಎನ್ನುವುದೂ ಮೂರನೆಯ ದಿನಕ್ಕೆ ನಿಂತುಹೋಯಿತಂತೆ.

ನಿಧಾನದವರಿಗೂ ಒಂದು ಕರ್ತವ್ಯ ಇದೆ, ಇಲ್ಲವೆನ್ನಲಾಗದು. ಕತ್ತಲಾಗುತ್ತಿರುವಾಗ, ಹಳ್ಳದ ನೀರು ಏರುತ್ತಿರುವಾಗ, ಛಲದಿಂದ ಗಾಡಿ ಹತ್ತದೆ ಹನ್ನೊಂದು ಮಂದಿಯನ್ನು ಅಪಾಯಕ್ಕೆ ಒಡ್ಡುವುದು ಹಕ್ಕಲ್ಲ. ವೆಲೋಸಿಯೋ ಎಚ್ಚರಿಸಿದ ಆ ಹೆಚ್ಚುಗಾರಿಕೆ ಬಲಶಾಲಿಗಳ ಸೊತ್ತು ಮಾತ್ರವಲ್ಲವಲ್ಲ.

ತಂಗ್ಲಾಂಗ್ಲಾ ದಾಟಿದ ಮೇಲೆ ಇಳಿಜಾರು. ಇಳಿಜಾರಿನಲ್ಲಿ ಭಾರದ ಮೈ ವೇಗವಾಗಿ ಉರುಳುತ್ತದೆ. ಐದು ಘಾಟಿಗಳಲ್ಲಿ ಕೊನೆಯವರಾಗಿದ್ದವರು ಇಲ್ಲಿ ಎಷ್ಟೋ ಸಲ ಮುಂದಾಗುತ್ತಾರಂತೆ. ರುಮ್ಸೆ ಬಂದಾಗ ಬಹಳ ದಿನಗಳ ಬಳಿಕ ಮರ, ಬಾರ್ಲಿ ಹೊಲ, ಮಕ್ಕಳ ದನಿ. ಉಪ್ಶಿಯಲ್ಲಿ ಸಿಂಧೂ ನದಿ ಸಿಗುತ್ತದೆ. ಅಲ್ಲಿಂದ ಲೇಹ್‌ಗೆ ನದಿಯ ಪಕ್ಕದಲ್ಲಿ ಇನ್ನೂ ಸುಮಾರು 50 ಕಿಲೋಮೀಟರ್. ಕಣಿವೆಯಲ್ಲಿ ಗಾಳಿ ಏಳುವ ಹೊತ್ತಿಗೆ ಮುಂದೆ ಹೋದವರು ತಮಗೆ ತಾವೇ ವೇಗ ಇಳಿಸಿ, ಹಿಂದಿನವರು ಬಂದು ಚಕ್ರಕ್ಕೆ ಚಕ್ರ ಸೇರಿಸಿಕೊಳ್ಳಲು ಬಿಡುತ್ತಾರೆ.